ಯಾವ ಪಾಳಿಗೆ ಬರುತ್ತೀರಿ

ಟ್ರೆಮೆಲ್ ಬ್ರೆಡ್ ಕಾರ್ಖಾನೆ
ಆಲ್ಡರ್ ಫೋರ್ಕ್, ಒಹಾಯೊ
14 ಜೂನ್ 2021

ಶ್ರೀ ಲೆನರ್ಡ್ ವ್ರಾಬೆಲ್ ಅವರಿಗೆ,

ಓಡೆಲ್ ಪ್ರೆಂಟಿಸ್ ಎಂಬ ನಲವತ್ತೊಂದು ವರ್ಷದವರು ನಮ್ಮಲ್ಲಿ ಒಲೆಯ ವಿಭಾಗದ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಹಿಂದಿನ ಅನುಭವ ಎಂಬ ಕಡೆ ‘ಜೈಲಿನ ಅಡುಗೆಮನೆ, ನಾಲ್ಕು ವರ್ಷ’ ಎಂದು ಬರೆದಿದ್ದಾರೆ. ತಮ್ಮ ಕೆಲಸವನ್ನು ಬಲ್ಲವರು ಎಂಬ ಕಡೆ ನಿಮ್ಮ ಹೆಸರು ಕೊಟ್ಟಿದ್ದಾರೆ. ಜೊತೆಗೆ ನಿಮ್ಮ ಕೈದಿ ಸಂಖ್ಯೆಯನ್ನೂ ಬರೆದಿದ್ದಾರೆ.

ಎರಡು ವರ್ಷದ ಹಿಂದೆ ಆಗಿದ್ದರೆ ಈ ಅರ್ಜಿ ನನ್ನ ಮೇಜಿನವರೆಗೂ ಬರುತ್ತಿರಲಿಲ್ಲ. ಈಗ ನಮಗೆ ಅರವತ್ತು ಜನ ಕಡಿಮೆ ಇದ್ದಾರೆ, ಹಾಗಾಗಿ ಬಂದ ಎಲ್ಲ ಅರ್ಜಿಗಳನ್ನೂ ನೋಡುತ್ತಿದ್ದೇವೆ. ಅವರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೆ? ಸಿಟ್ಟಿನವರೆ? ನಾದುವ ಯಂತ್ರದ ಕೆಲಸ ನಿಜವಾಗಿಯೂ ಗೊತ್ತಿದೆಯೆ? ಅವರ ತಪ್ಪುಗಳೇನು? ಈ ನಾಲ್ಕಕ್ಕೆ ಉತ್ತರ ಬರೆದರೆ ಸಾಕು.

ಇದು ಕಚೇರಿಯ ಕಾಗದ. ಎಂಟು ವರ್ಷದಿಂದ ನಿಮ್ಮ ಯಾವ ಪತ್ರಕ್ಕೂ ಉತ್ತರ ಕೊಡದ ಮಗಳು ಈಗ ಬರೆದಳು ಎಂದು ತಿಳಿಯಬೇಡಿ.

ನೇಡೀನ್ ವ್ರಾಬೆಲ್
ಸಿಬ್ಬಂದಿ ವಿಭಾಗ


ಜೈಲು, ಮೂರನೆಯ ಕಟ್ಟಡ
23 ಜೂನ್ 2021

ಮಾನ್ಯರೆ,

ನೀವು ಕೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಇಲ್ಲಿ ಯಾರೂ ತಡವಾಗಿ ಬರುವಂತಿಲ್ಲ. ಆದ್ದರಿಂದ ಹೊತ್ತಿಗೆ ಬರುವುದನ್ನು ಓಡೆಲ್‌ನ ಗುಣವೆಂದು ಹೇಳಲಾರೆ. ಆದರೆ ಕಾವಲಿನವರು ಕರೆಯುವ ಮೊದಲೇ ಅವನು ಎದ್ದು ಮುಖ ತೊಳೆದು ಬಾಗಿಲ ಹತ್ತಿರ ನಿಂತಿರುತ್ತಿದ್ದ.

ಸಿಟ್ಟಿದೆ, ಆದರೆ ಅದನ್ನು ಕೈಗೆ ಇಳಿಯಗೊಡುವುದಿಲ್ಲ.

ಕೆಲಸದ ಬಗ್ಗೆ: ಕಳೆದ ವರ್ಷ ಚಳಿಗಾಲದಲ್ಲಿ ಸೋಂಕು ಬಂದಾಗ ಅಡುಗೆಮನೆಯ ಹನ್ನೊಂದು ಜನರಲ್ಲಿ ಒಂಬತ್ತು ಜನ ಮಲಗಿದರು. ಅವರಲ್ಲಿ ಇಬ್ಬರು ಮತ್ತೆ ಏಳಲಿಲ್ಲ. ಹದಿನೆಂಟು ದಿನ ಓಡೆಲ್ ಮತ್ತು ನಾನು ಇಬ್ಬರೇ ಸಾವಿರದ ಇನ್ನೂರು ಜನಕ್ಕೆ ಬ್ರೆಡ್ ಮಾಡಿದೆವು. ಒಂದು ದಿನವೂ ಸೀಯಲಿಲ್ಲ, ಒಂದು ದಿನವೂ ಸಾಲದೆ ಹೋಗಲಿಲ್ಲ. ಹತ್ತೊಂಬತ್ತನೆಯ ದಿನ ಅವನು ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತ. ಆಮೇಲೆ ಮೂಟೆ ಒದ್ದೆಯಾಗಿದೆ ಎಂದು ಬದಿಗಿಟ್ಟು ಬೇರೆ ಮೂಟೆ ಬಿಚ್ಚಿದ.

ತಪ್ಪು: ಹೇಳಿದ್ದನ್ನು ಮಾಡುವ ಮೊದಲು ‘ಯಾಕೆ’ ಎಂದು ಕೇಳುತ್ತಾನೆ. ಕಾರಣ ಹೇಳಿದರೆ ಮಾಡುತ್ತಾನೆ.

ಅವನು ಬಿಡುಗಡೆಯಾಗಿ ಯಾವ ಊರಿಗೆ ಹೋದನೆಂದು ನನಗೆ ತಿಳಿದಿರಲಿಲ್ಲ. ನೀವು ಆ ಕಾರ್ಖಾನೆಯಲ್ಲಿದ್ದೀರಿ ಎಂಬುದೂ ತಿಳಿದಿರಲಿಲ್ಲ. ಕಾಗದ ಕಚೇರಿಯದು ಎಂಬ ತಿಳಿವಳಿಕೆಯಲ್ಲೇ ಓದಿದ್ದೇನೆ.

ಇಂತಿ,
ಲೆನರ್ಡ್ ವ್ರಾಬೆಲ್


ಆಲ್ಡರ್ ಫೋರ್ಕ್
30 ಆಗಸ್ಟ್ 2021

ಶ್ರೀ ವ್ರಾಬೆಲ್ ಅವರಿಗೆ,

ಓಡೆಲ್ ಸೇರಿ ಎಂಟು ವಾರವಾಯಿತು. ಒಂದು ದಿನವೂ ತಪ್ಪಿಸಿಲ್ಲ. ಮೂರನೆಯ ದಿನವೇ ಒಲೆಯ ಮೇಲ್ವಿಚಾರಕರಿಗೆ, “ಹಿಟ್ಟು ಇನ್ನೂ ಉಬ್ಬಿಲ್ಲ ಸಾರ್. ಈಗ ಒಳಗೆ ತಳ್ಳಿದ್ರೆ ಇಟ್ಟಿಗೆ ಆಗುತ್ತೆ” ಎಂದರಂತೆ. ಮೇಲ್ವಿಚಾರಕರು, “ನಿನ್ನೆ ಮೊನ್ನೆ ಬಂದು ನನಗೇ ಹೇಳ್ಕೊಡ್ತೀಯಾ?” ಎಂದು ರೇಗಿ ತಳ್ಳಿಸಿದರು. ಇಟ್ಟಿಗೆಯೇ ಆಯಿತು. ಈಗ ಮೇಲ್ವಿಚಾರಕರೇ ದಿನವೂ, “ಓಡೆಲ್, ಸ್ವಲ್ಪ ಮುಟ್ಟಿ ನೋಡಪ್ಪ” ಎಂದು ಕರೆಯುತ್ತಾರೆ.

ಜನ ಮಾತ್ರ ಸಾಲುತ್ತಿಲ್ಲ. ಪೆಟ್ರೋಲ್ ಬಂಕು, ಔಷಧಿ ಅಂಗಡಿ, ಚರ್ಚಿನ ಶಿಶುವಿಹಾರ, ಎಲ್ಲಿ ನೋಡಿದರೂ ‘ಕೆಲಸಕ್ಕೆ ಜನ ಬೇಕು’ ಎಂಬ ಫಲಕ. ಕಳೆದ ವಾರ ನಮ್ಮ ಹುಡುಗಿಯೊಬ್ಬಳು ಊಟದ ಬಿಡುವಿಗೆ ಹೋದವಳು ಬರಲಿಲ್ಲ. ಏನಾಯಿತೋ ಎಂದು ಗಾಬರಿಯಿಂದ ಫೋನ್ ಮಾಡಿದೆ. “ಸಾರಿ ಮೇಡಂ, ಎದುರುಗಡೆ ಗೋದಾಮಿನಲ್ಲಿ ಗಂಟೆಗೆ ಎರಡು ಡಾಲರ್ ಜಾಸ್ತಿ ಅಂದ್ರು, ಸೇರ್ಕೊಂಡ್ಬಿಟ್ಟೆ. ನನ್ನ ಬೂಟು ಅಲ್ಲೇ ಇದೆ, ಎತ್ತಿಟ್ಟಿರ್ತೀರಾ?” ಎಂದಳು. ಎತ್ತಿಟ್ಟಿದ್ದೇನೆ. ಅವಳು ಮನಸ್ಸು ಬದಲಾಯಿಸಿ ವಾಪಸ್ ಬಂದರೂ ಬರಬಹುದು ಎಂಬ ಆಸೆ ನಮ್ಮದು.

ಮುಂದಿನ ತಿಂಗಳುಗಳಲ್ಲಿ ಹೊರಗೆ ಬರುವವರಲ್ಲಿ ಓಡೆಲ್‌ನಂಥವರು ಇದ್ದರೆ ತಿಳಿಸಿ. ಮಾಲೀಕರಾದ ಶ್ರೀ ಟ್ರೆಮೆಲ್ ಒಪ್ಪಿದ್ದಾರೆ.

ನೇಡೀನ್ ವ್ರಾಬೆಲ್


ಜೈಲು
9 ಸೆಪ್ಟೆಂಬರ್ 2021

ಮಾನ್ಯರೆ,

ಇಬ್ಬರ ಹೆಸರು ಬರೆಯುತ್ತೇನೆ. ರೇಮಂಡ್ ಸಾಲಾಸ್, ಅಕ್ಟೋಬರಿನಲ್ಲಿ ಬಿಡುಗಡೆ. ಕಣ್ಣಳತೆಯಲ್ಲೇ ಹಿಟ್ಟು ತುಂಡು ಮಾಡುತ್ತಾನೆ, ತೂಗಿ ನೋಡಿದರೆ ವ್ಯತ್ಯಾಸ ಇರುವುದಿಲ್ಲ. ಸ್ಟರ್ಲಿಂಗ್ ಬೋವ್, ನವೆಂಬರಿನಲ್ಲಿ. ಮಾತು ಬಹಳ ಕಡಿಮೆ. ಅದನ್ನು ಸೊಕ್ಕು ಎಂದು ತಿಳಿಯಬೇಡಿ.

ಇನ್ನೊಬ್ಬನೂ ನಿಮ್ಮಲ್ಲಿಗೆ ಬರಬಹುದು. ನನ್ನ ಹೆಸರನ್ನೂ ಬರೆಯಬಹುದು. ಅವನ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಈ ಕಾಗದದ ಜೊತೆಗೆ ಇಟ್ಟಿದ್ದೇನೆ. ಕುಡಿತ ಬಿಟ್ಟಿದ್ದೇನೆ ಎನ್ನುತ್ತಾನೆ. ಬಿಡದವನು ಬಿಟ್ಟಿದ್ದೇನೆ ಎನ್ನುವಾಗ ಇರುವ ದನಿ ನನಗೆ ಗೊತ್ತು. ಆ ದನಿಯಲ್ಲಿ ನಾನೂ ಬಹಳ ವರ್ಷ ಮಾತಾಡಿದ್ದೇನೆ. ಅವನನ್ನು ಒಲೆಯ ಹತ್ತಿರ, ಯಂತ್ರದ ಹತ್ತಿರ ಬಿಡಬೇಡಿ.

ಇನ್ನು ಮುಂದಿನದು ಶಿಫಾರಸಿಗೆ ಸೇರಿದ್ದಲ್ಲ. ಬೇಡವಾದರೆ ಇಲ್ಲಿಗೇ ನಿಲ್ಲಿಸಿ.

ಊರ ತುಂಬ ಫಲಕಗಳಿವೆ ಎಂದು ಬರೆದಿದ್ದೀರಿ. ಅದನ್ನು ಇಲ್ಲಿ ಊಟದ ಮೇಜಿನಲ್ಲಿ ಹೇಳಿದೆ. ಹೊಸಬರು ನಕ್ಕು, “ತಾತಾ, ನೀನು ಒಳಗಿದ್ದೀಯ, ನಿನಗೇನು ಗೊತ್ತು! ಈಗ ಉಸಿರಾಡೋರು ಯಾರೇ ಹೋದ್ರೂ ಕೆಲಸ ಕೊಡ್ತಾರೆ” ಎಂದರು. 2009ರಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆ ಮುಚ್ಚಿ ನಾವು ಮುನ್ನೂರ ನಲವತ್ತು ಜನ ಹೊರಗೆ ಬಿದ್ದೆವು. ಹದಿನಾಲ್ಕು ತಿಂಗಳು ನಾನು ಅದೇ ಬೀದಿಗಳಲ್ಲಿ, ಅದೇ ಅಂಗಡಿಗಳ ಬಾಗಿಲಿಗೆ ಹೋಗಿದ್ದೆ. ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಹೊರುವ ಒಂದು ಕೆಲಸಕ್ಕೆ ಇನ್ನೂರು ಅರ್ಜಿ ಬಂದಿತ್ತು. ಅಲ್ಲಿನ ಹುಡುಗ ನನ್ನ ಅರ್ಜಿಯನ್ನು ರಾಶಿಯ ಮೇಲೆ ಇಡಲೋ ಕೆಳಗೆ ಇಡಲೋ ಎಂದು ಒಂದು ಕ್ಷಣ ಯೋಚಿಸಿದ. ಕೆಳಗಿಟ್ಟ.

ಇಂತಿ,
ಲೆನರ್ಡ್ ವ್ರಾಬೆಲ್


ಆಲ್ಡರ್ ಫೋರ್ಕ್
6 ಡಿಸೆಂಬರ್ 2021

ಶ್ರೀ ವ್ರಾಬೆಲ್ ಅವರಿಗೆ,

ರೇಮಂಡ್, ಸ್ಟರ್ಲಿಂಗ್ ಇಬ್ಬರೂ ಸೇರಿದ್ದಾರೆ. ಚೀಟಿಯಲ್ಲಿದ್ದವನೂ ಬಂದಿದ್ದ. ನಿಮ್ಮ ಮಾತಿನಂತೆ ಅವನನ್ನು ತೆಗೆದುಕೊಳ್ಳಲಿಲ್ಲ. ಎದುರಿನ ಗೋದಾಮಿನವರು ಅದೇ ದಿನ ತೆಗೆದುಕೊಂಡರು.

ಕಳೆದ ಶುಕ್ರವಾರ ಒಂದು ಪ್ರಸಂಗ ನಡೆಯಿತು. ನಮ್ಮಿಂದ ಬ್ರೆಡ್ ಕೊಳ್ಳುವ ದೊಡ್ಡ ಗಿರಾಕಿಯೊಬ್ಬರು ಓಡೆಲ್‌ನ ಹಳೆಯ ದರೋಡೆ ಮೊಕದ್ದಮೆಯ ಸುದ್ದಿಯನ್ನು ಎಲ್ಲಿಂದಲೋ ಹುಡುಕಿ ಶ್ರೀ ಟ್ರೆಮೆಲ್‌ಗೆ ಕಳಿಸಿದ್ದರು. ಅವರು ನನ್ನನ್ನು ಕರೆಸಿದರು.

“ಅವನನ್ನ ಕಳಿಸಿಬಿಡಮ್ಮ. ಗಲಾಟೆ ಬೇಡ, ಎರಡು ವಾರದ ಸಂಬಳ ಕೊಟ್ಟು ಮರ್ಯಾದೆಯಿಂದ ಕಳಿಸು.”

“ಯಾಕೆ ಸಾರ್? ಬ್ರೆಡ್ ಕೆಟ್ಟಿತ್ತಾ?”

“ತಮಾಷೆ ಮಾಡ್ಬೇಡ ನೇಡೀನ್.”

“ತಮಾಷೆ ಅಲ್ಲ. ಅವರನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ. ಗೋದಾಮಿನವರು ನನಗೆ ಎರಡು ಸಲ ಫೋನ್ ಮಾಡಿದಾರೆ. ಆಸ್ಪತ್ರೆಯವರು ನಿನ್ನೆ ಮಾಡಿದ್ರು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀನು ಹೋದ್ರೆ ಸೋಮವಾರ ಬೆಳಿಗ್ಗೆ ಆ ಕುರ್ಚಿಯಲ್ಲಿ ಯಾರನ್ನ ಕೂರಿಸ್ಲಿ ನಾನು?”

“ಅದನ್ನೇ ನಾನೂ ಕೇಳ್ತಿರೋದು ಸಾರ್. ಓಡೆಲ್ ಹೋದ್ರೆ ಒಲೆಯ ಮುಂದೆ ಯಾರು?”

ಓಡೆಲ್ ಉಳಿದರು. ಗಿರಾಕಿಯವರೂ ನಮ್ಮನ್ನು ಬಿಟ್ಟು ಹೋಗಲಿಲ್ಲ. ಬ್ರೆಡ್ ಮಾಡುವ ಬೇರೆಯವರಿಗೂ ಜನ ಇಲ್ಲವಲ್ಲ, ಅವರಾದರೂ ಎಲ್ಲಿಗೆ ಹೋಗುತ್ತಾರೆ.

ಆ ಸಂಜೆ ಎಲ್ಲರೂ ನನ್ನನ್ನು ಧೈರ್ಯವಂತೆ ಎಂದು ಹೊಗಳಿದರು. ನನಗೆ ನಾಚಿಕೆಯಾಯಿತು. ಹನ್ನೆರಡು ವರ್ಷದ ಹಿಂದೆ ಇದೇ ಮಾತು ಬಂದಿದ್ದರೆ ತಲೆ ತಗ್ಗಿಸಿ ಓಡೆಲ್‌ನ ಕಾಗದಪತ್ರ ಸಿದ್ಧಮಾಡುತ್ತಿದ್ದೆ. ಈಗ ಬೇಡ ಎನ್ನುವುದು ಸುಲಭವಾಗಿತ್ತು, ಏಕೆಂದರೆ ಹೊರಗೆ ಹೋದರೆ ಬೇರೆ ಕಡೆ ಜಾಗ ಇತ್ತು. ಅಂದಿನಿಂದ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿದೆ. ಆ ಔಷಧಿ ಅಂಗಡಿಯಲ್ಲಿ ನಿಮಗೆ ಪೆಟ್ಟಿಗೆ ಹೊರುವ ಕೆಲಸ ಸಿಕ್ಕಿದ್ದರೆ, ಆ ದಿನಗಳು ಈ ದಿನಗಳಂತೆ ಇದ್ದಿದ್ದರೆ, ಅಮ್ಮ ಇರುತ್ತಿದ್ದಳೆ?

ಇನ್ನು ಮುಂದೆ ನನಗೆ ಮಾನ್ಯರೆ ಎಂದು ಬರೆಯಬೇಡಿ. ಹೆಸರು ಸಾಕು.

ನೇಡೀನ್


ಜೈಲು
19 ಡಿಸೆಂಬರ್ 2021

ನೇಡೀನ್,

ಹೆಸರು ಬರೆ ಎಂದಿದ್ದೀಯ, ಬರೆದಿದ್ದೇನೆ. ಮುಂದಕ್ಕೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ನೀನು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿಲ್ಲ. ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಅಂದುಕೊಂಡು ಸಮಾಧಾನ ಪಡುತ್ತಿದ್ದೆ: ಕಾರ್ಖಾನೆ ಮುಚ್ಚಿತು, ಕೆಲಸ ಹೋಯಿತು, ಅದಕ್ಕೇ ಹೀಗಾಯಿತು. ಒಂದು ದಿನ ಆ ಮುನ್ನೂರ ನಲವತ್ತು ಜನರಲ್ಲಿ ನೆನಪಿದ್ದಷ್ಟು ಜನರ ಹೆಸರು ಹೇಳಿಕೊಳ್ಳುತ್ತಾ ಹೋದೆ. ಒಬ್ಬ ಮರ ಕಡಿಯಲು ಹೋದ. ಒಬ್ಬ ಮಾವನ ಮನೆಯ ಕೊಟ್ಟಿಗೆ ಗುಡಿಸಿದ. ಒಬ್ಬ ಹೆಂಡತಿಯ ಸಂಬಳದಲ್ಲಿ ತಲೆತಗ್ಗಿಸಿ ಎರಡು ವರ್ಷ ಉಂಡ. ಅವರು ಯಾರೂ ಹೆಂಡತಿಯನ್ನು ಕೊಲ್ಲಲಿಲ್ಲ. ಅದಾದ ಮೇಲೆ ಆ ಸಮಾಧಾನ ನನಗೆ ದಕ್ಕಲಿಲ್ಲ.

ಓಡೆಲ್‌ನ ವಿಷಯದಲ್ಲಿ ನೀನು ನಾಚಿಕೊಳ್ಳಬೇಕಾಗಿಲ್ಲ. ಈ ದಿನಗಳಲ್ಲಿ ನಮ್ಮಂಥವರನ್ನು ಯಾರೂ ಕ್ಷಮಿಸುತ್ತಿಲ್ಲ, ಜನ ಸಾಲದೆ ಕರೆಯುತ್ತಿದ್ದಾರೆ ಅಷ್ಟೆ. ಇದು ಇಲ್ಲಿರುವ ಎಲ್ಲರಿಗೂ ಗೊತ್ತು. ಆದರೆ ಕರೆದ ಮೇಲೆ ಒಳಗೆ ಹೋದವನು ಏನು ಮಾಡುತ್ತಾನೆ ಎಂಬುದು ಅವನದು. ಹೋದವನನ್ನು ಹೊರಗೆ ದಬ್ಬುವಾಗ ಒಬ್ಬರು ಅಡ್ಡ ನಿಂತರಲ್ಲ, ಅದೂ ಅವರದು.

ಲೆನರ್ಡ್ ವ್ರಾಬೆಲ್


ಆಲ್ಡರ್ ಫೋರ್ಕ್
21 ಫೆಬ್ರವರಿ 2022

ನೀವು ಜೂನ್‌ನಲ್ಲಿ ಬಿಡುಗಡೆಯಾಗುತ್ತೀರಿ ಎಂದು ಓಡೆಲ್ ಶ್ರೀ ಟ್ರೆಮೆಲ್‌ಗೆ ಹೇಳಿದ್ದಾರೆ. ಅವರು ಕುಣಿಯುವುದೊಂದು ಬಾಕಿ. “ಈ ಮೂವರಿಗೂ ಕಲಿಸಿದೋನು ಅವನೇನಾ? ಹೋಗಿ ಕರ್ಕೊಂಡು ಬಾ. ಹೊಸಬರಿಗೆ ಹೇಳಿಕೊಡೋ ಕೆಲಸ ಕೊಡೋಣ” ಎಂದು ಮೂರು ಸಲ ಹೇಳಿದರು. ಕುಲನಾಮ ಒಂದೇ ಎಂದು ಅವರು ಗಮನಿಸಿಲ್ಲ, ಅಥವಾ ಗಮನಿಸಿದರೂ ಕೇಳಿಲ್ಲ.

ನೇಮಕದ ಕಾಗದಕ್ಕೆ ನಾನು ಸಹಿ ಹಾಕಬೇಕು. ಹದಿನೆಂಟು ದಿನದಿಂದ ಅದು ನನ್ನ ಮೇಜಿನ ಖಾನೆಯಲ್ಲಿದೆ. ಯಾರು ಯಾರನ್ನೋ ನಾನು ಕೆಲಸಕ್ಕೆ ಸೇರಿಸಿದ್ದೇನೆ. ಅವರು ಏನು ಮಾಡಿದ್ದರು ಎಂದು ಓದಿಯೂ ಸೇರಿಸಿದ್ದೇನೆ. ಈ ಒಂದು ಕಾಗದಕ್ಕೆ ಮಾತ್ರ ಕೈ ಏಳುತ್ತಿಲ್ಲ.

ನಿಮಗೆ ಕೆಲಸ ಬೇಕೆ? ಬೇಕು ಎಂದರೆ ಸಹಿ ಹಾಕುತ್ತೇನೆ.

ನೇಡೀನ್


ಜೈಲು
13 ಮಾರ್ಚ್ 2022

ನೇಡೀನ್,

ಸಹಿ ಹಾಕಬೇಡ.

ಕೋಪದಿಂದ ಹೇಳುತ್ತಿಲ್ಲ. ನಾನು ಅಲ್ಲಿ ಸೇರಿದರೆ ದಿನಾ ಬೆಳಿಗ್ಗೆ ನೀನು ನನ್ನ ಮುಖ ನೋಡಬೇಕಾಗುತ್ತದೆ. ನೋಡಲೇಬೇಕಾದ ನಿರ್ಬಂಧ ನಿನಗೆ ಬೇಡ. ನಿನಗೆ ನೋಡಬೇಕು ಅನ್ನಿಸಿದ ದಿನ ನೋಡು, ಅನ್ನಿಸದಿದ್ದರೆ ಬೇಡ.

ನನಗೆ ಕೆಲಸ ಸಿಕ್ಕಿದೆ. ಹೋದ ವಾರ ಜೈಲಿನ ಆಟದ ಹಜಾರದಲ್ಲೇ ಕಂಪನಿಗಳವರು ಬಂದು ಮೇಜು ಹಾಕಿಕೊಂಡು ಕೂತಿದ್ದರು. ಬಂದವರಿಗೆಲ್ಲ ಉಚಿತವಾಗಿ ಪೆನ್ನು, ಕಂಪನಿಯ ಟೋಪಿ, ಸಕ್ಕರೆ ಸುರಿದ ಕಾಫಿ. ಬಾಗಿಲಿಗೆ ಬೀಗ ಹಾಕಿಕೊಂಡು ನಮ್ಮನ್ನು ಒಳಗಿಟ್ಟಿರುವ ಕಡೆಗೇ ಬಂದು ಕೆಲಸಕ್ಕೆ ಬನ್ನಿ ಎಂದು ಕರೆಯುವ ಕಾಲ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಆರು ಮೇಜುಗಳ ಮುಂದೆ ನಿಂತೆ. ಐದು ಕಡೆ ಒಂದೇ ಪ್ರಶ್ನೆ ಕೇಳಿದರು: “ಯಾವ ಪಾಳಿಗೆ ಬರ್ತೀರಿ?” ಅಷ್ಟೆ. ನಾನು ಏನು ಮಾಡಿ ಒಳಗೆ ಬಂದೆ ಎಂದು ಯಾರೂ ಕೇಳಲಿಲ್ಲ. ಸುತ್ತಲಿನ ಹುಡುಗರಿಗೆ ಅದರಿಂದ ಎಷ್ಟು ಸಂತೋಷವಾಗಿತ್ತೆಂದರೆ, ಕೆಲವರು ಆ ಟೋಪಿ ಹಾಕಿಕೊಂಡೇ ಮಲಗಿದರು. ನಾನು ಮಾತ್ರ ನನ್ನದನ್ನು ಪಕ್ಕದವನಿಗೆ ಕೊಟ್ಟುಬಿಟ್ಟೆ.

ಕೊನೆಯ ಮೇಜಿನಲ್ಲಿ ಎಪ್ಪತ್ತೆಂಟು ವರ್ಷದ ಒಬ್ಬ ಮುದುಕಿ ಒಬ್ಬರೇ ಕೂತಿದ್ದರು. ಶ್ರೀಮತಿ ಇಮೆಲ್ಡಾ ಕೋಸಾರ್. ಫಿಂಡ್ಲೆ ಊರಿನಲ್ಲಿ ಅವರದೊಂದು ಊಟದ ಮನೆಯಿದೆ. ಅಡುಗೆಗೆ ಜನವಿಲ್ಲದೆ ವಾರದಲ್ಲಿ ಮೂರು ದಿನ ಬಾಗಿಲು ಹಾಕುತ್ತಾರಂತೆ. ಟೋಪಿ, ಪೆನ್ನು ಏನೂ ಇರಲಿಲ್ಲ. ತಾವೇ ಮಾಡಿದ ಚೆರ್ರಿ ಹಣ್ಣಿನ ಸಿಹಿ ಹೂರಣದ ಪೈ ಒಂದನ್ನು ಕಾವಲಿನವರಿಂದ ಬೈಸಿಕೊಂಡು ಒಳಗೆ ತಂದಿದ್ದರು.

“ಸೂಪ್ ಮಾಡಕ್ಕೆ ಬರುತ್ತಾ?” ಎಂದರು.

“ಸಾವಿರದ ಇನ್ನೂರು ಜನಕ್ಕೆ ಮಾಡ್ತೀನಮ್ಮ.”

“ನನ್ನದು ನಲವತ್ತು ಕುರ್ಚಿ. ಕಡಿಮೆ ಜನಕ್ಕೆ ಮಾಡೋದನ್ನ ಕಲೀಬೇಕಾಗುತ್ತೆ. ಇರಲಿ, ನೀನು ಏನು ಮಾಡಿ ಇಲ್ಲಿಗೆ ಬಂದೆ?”

ಹೇಳಿದೆ. ಕುಡಿದು ಕಾರು ಓಡಿಸಿದೆ, ಸೇತುವೆಯ ಗೋಡೆಗೆ ಹೊಡೆದೆ, ನನ್ನ ಹೆಂಡತಿ ಸತ್ತಳು ಎಂದೆ. ಅವರು ಪೈ ಕತ್ತರಿಸುತ್ತಿದ್ದ ಪ್ಲಾಸ್ಟಿಕ್ ಚಾಕುವನ್ನು ಕೆಳಗಿಟ್ಟರು. ಎದ್ದು ಹೋಗು ಎನ್ನುತ್ತಾರೆ ಅಂದುಕೊಂಡೆ.

“ಅವಳ ಹೆಸರೇನು?” ಎಂದರು.

“ರೊಸಾಲಿ.”

ಎಷ್ಟು ವರ್ಷವಾಗಿತ್ತೋ ಆ ಹೆಸರನ್ನು ಯಾರಾದರೂ ನನ್ನನ್ನು ಕೇಳಿ. ಅಲ್ಲಿಗೇ ಹೋಗುತ್ತೇನೆ ಎಂದು ಬರೆದುಕೊಟ್ಟೆ. ನನಗೆ ಬದುಕಿರುವವರೆಗೂ ಕಾರು ಓಡಿಸುವ ಪರವಾನಗಿ ಇಲ್ಲ. ಆ ಊಟದ ಮನೆಯ ಮಹಡಿಯಲ್ಲೇ ಒಂದು ಕೋಣೆಯಿದೆ.

ಲೆನರ್ಡ್ ವ್ರಾಬೆಲ್


ಆಲ್ಡರ್ ಫೋರ್ಕ್
17 ಏಪ್ರಿಲ್ 2022

ಈ ಕಾಗದವನ್ನು ನಾಲ್ಕು ಸಲ ಹರಿದಿದ್ದೇನೆ. ಇವತ್ತು ಈಸ್ಟರ್, ಕಾರ್ಖಾನೆಗೆ ರಜೆ, ಹರಿದರೆ ಮತ್ತೆ ಬರೆಯಲು ಇಡೀ ದಿನವಿದೆ. ಆದ್ದರಿಂದ ಬರೆದು ಮುಗಿಸುತ್ತೇನೆ.

ಶ್ರೀಮತಿ ಕೋಸಾರ್ ಅಮ್ಮನ ಹೆಸರು ಕೇಳಿದರು ಎಂದು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

2012ರ ಆ ಸೆಪ್ಟೆಂಬರಿನಲ್ಲಿ, ಕಾರ್ಮಿಕರ ದಿನದ ರಜೆಗೆ, ಮುಚ್ಚಿಹೋದ ಕಾರ್ಖಾನೆಯ ಹಳಬರೆಲ್ಲ ಕೆರೆಯ ದಂಡೆಯಲ್ಲಿ ಊಟಕ್ಕೆ ಸೇರಿದ್ದರು. ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿ ಹತ್ತು ದಿನವೂ ಆಗಿರಲಿಲ್ಲ. ವಾಪಸ್ ಬರುವಾಗ ನಾನೇ ಕಾರು ಓಡಿಸಬೇಕು ಎಂದು ಮನೆಯಲ್ಲೇ ಮಾತಾಗಿತ್ತು. ಕಾರಿನ ಕೀ ನನ್ನ ಹತ್ತಿರ ಇತ್ತು. ಐದು ಗಂಟೆಗೆ ಅಮ್ಮ ಬಂದು, “ಹೊರಡೋಣ ಕಣೇ, ನಿಮ್ಮಪ್ಪ ಸರಿಯಾಗಿಲ್ಲ” ಎಂದಳು. ನನ್ನ ಸ್ನೇಹಿತರು ದೋಣಿ ಇಳಿಸುತ್ತಿದ್ದರು. “ಎಂಟು ಮೈಲಿ ತಾನೆ ಅಮ್ಮಾ, ಅಪ್ಪನೇ ಓಡಿಸ್ತಾರೆ ಬಿಡು” ಎಂದು ಕೀಯನ್ನು ನಿಮ್ಮ ಕಡೆ ಎಸೆದೆ. ನೀವು ಹಿಡಿಯಲಾಗದೆ ಬೀಳಿಸಿದಿರಿ. ಬಗ್ಗಿ ಎತ್ತಿಕೊಳ್ಳುವಾಗ ತೂರಾಡಿದಿರಿ. ಅದನ್ನು ನಾನು ನೋಡಿದೆ. ನೋಡಿಯೂ ದೋಣಿಯ ಕಡೆ ಓಡಿದೆ.

ಕೋರ್ಟಿನಲ್ಲಿ ಕೀ ಯಾರು ಕೊಟ್ಟರು ಎಂದು ನಿಮ್ಮ ವಕೀಲರೇ ಕೇಳಿದರು. “ನಾನೇ ಮಗಳ ಚೀಲದಿಂದ ಕೇಳದೆ ತಗೊಂಡೆ” ಎಂದಿರಿ. ಅದು ಸುಳ್ಳು ಎಂದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಆಮೇಲೆ ನಾನು ಎದ್ದು ನಿಂತು, ಇವರಿಗೆ ಎಷ್ಟು ಹೆಚ್ಚು ವರ್ಷ ಕೊಡಲು ಸಾಧ್ಯವೋ ಅಷ್ಟು ಕೊಡಿ ಎಂದು ನ್ಯಾಯಾಧೀಶರನ್ನು ಕೇಳಿಕೊಂಡೆ. ಒಂಬತ್ತು ವರ್ಷ ಕೊಟ್ಟರು.

ನಿಮ್ಮ ಪತ್ರಗಳಿಗೆ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದ ಎಂದು ಎಲ್ಲರಿಗೂ ಹೇಳಿದ್ದೇನೆ. ನನಗೂ ಹಾಗೇ ಹೇಳಿಕೊಂಡಿದ್ದೇನೆ. ಪ್ರತಿ ಪತ್ರ ಬಂದಾಗಲೂ ಇದರಲ್ಲಿ ಕೀಯ ವಿಷಯ ಎತ್ತಿರುತ್ತಾರೆ ಎಂದು ಹೆದರಿ ಒಡೆಯುತ್ತಿದ್ದೆ. ಒಂದರಲ್ಲೂ ಎತ್ತಿರಲಿಲ್ಲ. ಅದು ಇನ್ನೂ ಕಷ್ಟವಾಗುತ್ತಿತ್ತು.

ನೇಡೀನ್


ಜೈಲು
25 ಏಪ್ರಿಲ್ 2022

ನೇಡೀನ್,

ಕುಡಿದವನು ನಾನು. ಓಡಿಸಿದವನು ನಾನು. ನಿನಗೆ ಆಗ ಇಪ್ಪತ್ತೈದು ವರ್ಷ, ಎದುರಿಗೆ ಕೆರೆ ಇತ್ತು, ದೋಣಿ ಇತ್ತು. ಒಬ್ಬ ಅಪ್ಪ ಆ ಕೀಯನ್ನು ಎತ್ತಿಕೊಳ್ಳದೆ ಅಲ್ಲೇ ಹುಲ್ಲಿನ ಮೇಲೆ ಕೂತುಬಿಡಬಹುದಾಗಿತ್ತು. ಇದನ್ನು ನಿನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ. ಒಂಬತ್ತು ವರ್ಷದಲ್ಲಿ ಅದನ್ನು ಎಲ್ಲ ಕಡೆಯಿಂದಲೂ ನೋಡಿ ಬರೆಯುತ್ತಿದ್ದೇನೆ.

ಒಂದು ಮಾತು ನಿನಗೆ ಹೇಳಬೇಕೆಂದು ಮೊದಲ ದಿನದಿಂದ ಇದೆ. ಹೇಳಿದರೆ ಕೀಯ ವಿಷಯ ನಾನೇ ಎತ್ತಿದಂತೆ ಆಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಈಗ ನೀನೇ ಎತ್ತಿದ್ದೀಯ.

ಕಾರಿನಲ್ಲಿ ಕೂತ ಮೇಲೆ ನಾನು ನಿನ್ನನ್ನು ಬೈದೆ. ಜವಾಬ್ದಾರಿ ಇಲ್ಲ, ಹಾಗೆ ಹೀಗೆ ಎಂದು ಕೂಗಾಡಿದೆ. ನಿಮ್ಮಮ್ಮ ಕಿಟಕಿಯಿಂದ ಹಿಂದೆ ತಿರುಗಿ ನೋಡಿದಳು. ನೀನು ದೋಣಿಯಲ್ಲಿ ಎದ್ದು ನಿಂತು ಯಾರಿಗೋ ನೀರು ಎರಚುತ್ತಿದ್ದೆಯಂತೆ. “ಸುಮ್ನಿರಿ, ಎಷ್ಟು ದಿನ ಆಯ್ತು ಅವಳು ಹಾಗೆ ನಕ್ಕು” ಎಂದಳು. ಆಮೇಲೆ ಅವಳು ಏನೂ ಮಾತಾಡಲಿಲ್ಲ.

ಇಷ್ಟೇ. ಇದು ನಿನ್ನದು. ನನ್ನ ಹತ್ತಿರ ಉಳಿದುಬಿಟ್ಟಿತ್ತು.

ಅಪ್ಪ ಎಂದು ಬರೆಯಲು ಧೈರ್ಯವಿಲ್ಲ.
ಲೆನರ್ಡ್


ಫಿಂಡ್ಲೆ, ಒಹಾಯೊ
12 ಸೆಪ್ಟೆಂಬರ್ 2022

ನೇಡೀನ್,

ಏಪ್ರಿಲ್‌ನ ನಂತರ ನಿನ್ನ ಕಾಗದ ಬಂದಿಲ್ಲ. ಯಾಕೆ ಎಂದು ಕೇಳುತ್ತಿಲ್ಲ, ನನ್ನ ಹೊಸ ವಿಳಾಸ ತಿಳಿಸಲು ಬರೆಯುತ್ತಿದ್ದೇನೆ.

ಹೊರಗೆ ಬಂದು ಮೂರು ತಿಂಗಳಾಯಿತು. ಈಗ ಊಟದ ಮನೆ ವಾರದಲ್ಲಿ ಆರು ದಿನ ತೆರೆದಿರುತ್ತದೆ. ಬಾಗಿಲಿಗೆ ‘ಜನ ಸಾಲದು, ಕೆಲಸಕ್ಕೆ ಬಂದಿರುವವರ ಮೇಲೆ ರೇಗಬೇಡಿ’ ಎಂದು ಶ್ರೀಮತಿ ಕೋಸಾರ್ ಹಾಕಿದ್ದ ಬೋರ್ಡನ್ನು ಹೋದ ವಾರ ಕಿತ್ತು ತೆಗೆದರು. ಅವರಿಗೆ ಅದು ಇಷ್ಟವಾಗಿತ್ತು, ಮನಸ್ಸಿಲ್ಲದೆ ತೆಗೆದರು. “ನೀನು ಬಂದ ಮೇಲೆ ನನಗೆ ಬೈಯಕ್ಕೆ ಒಬ್ಬ ಸಿಕ್ಕಿದೀಯ, ಅದೊಂದು ಲಾಭ” ಎನ್ನುತ್ತಾರೆ. ಸೂಪ್ ಈಗಲೂ ಜಾಸ್ತಿ ಮಾಡಿಬಿಡುತ್ತೇನೆ. ಮಿಕ್ಕಿದ್ದನ್ನು ಅವರು ಪಕ್ಕದ ಮನೆಯವರಿಗೆ ಹಂಚುತ್ತಾರೆ.

ಹೆದ್ದಾರಿಯ ಗೋದಾಮಿನವರು ಬಂದು ಇದಕ್ಕಿಂತ ಹೆಚ್ಚು ಕೊಡುತ್ತೇವೆ ಎಂದರು. ಇಲ್ಲೇ ಇರುತ್ತೇನೆ ಎಂದೆ.

ಭಾನುವಾರ ನನ್ನ ಕೆಲಸ ಎರಡು ಗಂಟೆಗೆ ಮುಗಿಯುತ್ತದೆ. ತಿಳಿದಿರಲಿ ಎಂದು ಬರೆದೆ, ಬರಲೇಬೇಕೆಂದಲ್ಲ.

ಲೆನರ್ಡ್


ಆಲ್ಡರ್ ಫೋರ್ಕ್
21 ನವೆಂಬರ್ 2022

ಅಪ್ಪ,

ನಿನ್ನೆ ನಿಮ್ಮ ಊಟದ ಮನೆಯಲ್ಲಿ ಎದುರೆದುರು ಕೂತು ಒಂದೂವರೆ ಗಂಟೆ ಮಾತಾಡಿದೆವು. ಬ್ರೆಡ್ಡಿನ ಬಗ್ಗೆ, ಓಡೆಲ್‌ಗೆ ಮೇಲ್ವಿಚಾರಕನ ಜಾಗ ಸಿಕ್ಕಿದ್ದರ ಬಗ್ಗೆ, ಸ್ಟರ್ಲಿಂಗ್ ಮದುವೆಯಾದದ್ದರ ಬಗ್ಗೆ. ಅಮ್ಮನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೂ ಅಷ್ಟು ಹೊತ್ತೂ ಅವಳ ಬಗ್ಗೆಯೇ ಮಾತಾಡಿದಂತೆ ಅನ್ನಿಸಿತು. ಬಾಯಲ್ಲಿ ಬರದೆ ಉಳಿದದ್ದನ್ನು ಬರೆಯುತ್ತಿದ್ದೇನೆ. ನನಗೆ ಈಗ ಬರೆಯುವುದೇ ಅಭ್ಯಾಸವಾಗಿದೆ.

ನಿನ್ನೆ ಬಂದದ್ದು ಮೊದಲ ಸಲವಲ್ಲ. ಅಕ್ಟೋಬರಿನಲ್ಲಿ ಒಂದು ಭಾನುವಾರ ಬಂದಿದ್ದೆ. ಎದುರಿನ ಬೀದಿಯಲ್ಲಿ ಕಾರು ನಿಲ್ಲಿಸಿ ನಲವತ್ತು ನಿಮಿಷ ಕೂತಿದ್ದೆ. ಕಿಟಕಿಯಲ್ಲಿ ನೀವು ಕಾಣುತ್ತಿದ್ದಿರಿ. ಕೂದಲು ಪೂರ್ತಿ ಬೆಳ್ಳಗಾಗಿದೆ, ಬೆನ್ನು ಬಗ್ಗಿದೆ. ಒಬ್ಬ ವಯಸ್ಸಾದವರಿಗೆ ಕೋಟು ಹಾಕಿಕೊಳ್ಳಲು ತೋಳು ಹಿಡಿದು ಕೊಡುತ್ತಿದ್ದಿರಿ. ಇಳಿಯಲು ಬಾಗಿಲ ಮೇಲೆ ಕೈಯಿಟ್ಟೆ, ಆಗಲಿಲ್ಲ. ಮನೆಗೆ ವಾಪಸ್ ಹೋಗಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ.

ಅಮ್ಮ ಕಾರಿನಲ್ಲಿ ಹೇಳಿದ ಆ ಮಾತು ಓದಿದ ಮೇಲೆ ಏಳು ತಿಂಗಳು ನಾನು ನಿಮಗೆ ಬರೆಯದಿದ್ದದ್ದು ಬೇರೆ ಯಾವ ಕಾರಣಕ್ಕೂ ಅಲ್ಲ. ಅದನ್ನು ಓದಿದ ದಿನದಿಂದ ಅಳು ಶುರುವಾಯಿತು. ಹತ್ತು ವರ್ಷದ್ದು ಎಲ್ಲ ಒಟ್ಟಿಗೆ ಬಂದಿತ್ತು, ನಿಲ್ಲುವವರೆಗೂ ಕಾದೆ.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕೂ ಅಲ್ಲ. ನಿನ್ನೆ ನಾನು ಹೊರಟು ಬಾಗಿಲ ಆಚೆ ಹೋದ ಮೇಲೆ ಕೈಗವಸು ಮರೆತೆನೆಂದು ವಾಪಸ್ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಶ್ರೀಮತಿ ಕೋಸಾರ್ ಒಳಗಿಂದ, “ಲೆನ್, ಆ ಹುಡುಗಿ ಯಾರೋ? ನೀನು ಎರಡು ಸಲ ಅವಳಿಗೆ ಬೆಣ್ಣೆ ಹಚ್ಚಿಕೊಟ್ಟೆ, ಗಿರಾಕಿಗಳಿಗೆ ನೀನು ಹಾಗೆಲ್ಲ ಮಾಡಲ್ಲ” ಎಂದರು.

ನೀವು ತಟ್ಟೆಗಳನ್ನು ಒಂದರ ಮೇಲೊಂದು ಇಡುವ ಸದ್ದು ಕೇಳಿಸಿತು. ಆಮೇಲೆ, “ಆಲ್ಡರ್ ಫೋರ್ಕಿನ ಬ್ರೆಡ್ ಕಾರ್ಖಾನೆಯವರಮ್ಮ. ನಮ್ಮಂಥವರಿಗೆ ಕೆಲಸ ಕೊಡೋರು” ಎಂದಿರಿ.

ನಾನು ಕೈಗವಸು ತೆಗೆದುಕೊಳ್ಳದೆ ಕಾರಿಗೆ ಹೋದೆ. ದಾರಿಯುದ್ದಕ್ಕೂ ಕೈ ತಣ್ಣಗೆ ಕೊರೆಯುತ್ತಿತ್ತು.

ನನ್ನ ಮರ್ಯಾದೆ ಕಾಯಲು ಹಾಗೆ ಹೇಳಿದಿರಿ, ಗೊತ್ತು. ಕೋರ್ಟಿನಲ್ಲೂ ನನಗಾಗಿಯೇ ಸುಳ್ಳು ಹೇಳಿದಿರಿ. ಎರಡು ಸಲ ಆಯಿತು, ಇನ್ನು ಸಾಕು. ಗುರುವಾರ ಕೃತಜ್ಞತೆಯ ಹಬ್ಬದ ಊಟಕ್ಕೆ ಅಲ್ಲಿಗೇ ಬರುತ್ತೇನೆ. ಶ್ರೀಮತಿ ಕೋಸಾರ್ ಮರೆಯುವವರಂತೆ ಕಾಣುವುದಿಲ್ಲ, ನನ್ನ ಎದುರಿಗೇ ಮತ್ತೆ ಕೇಳುತ್ತಾರೆ.

ಈ ಸಲ ಮಗಳು ಎಂದು ಹೇಳಿ.

ನೇಡೀನ್